ಭಾವನ ಬೋಟಿಗೆ ತೀರ್ಥಹಳ್ಳಿಯಿಂದ ಅರ್ಜಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಜಾತಿ ಸರ್ಟಿಫಿಕೇಟು ಇಂಥದ್ದೇ ಕೆಲಸ. ಅಕ್ಕನನ್ನು ಮಲ್ಪೆಗೆ ಕೊಟ್ಟ ಮೇಲೆ ಭಾವನ ಮೀನುಗಾರಿಕೆ ಬೋಟಿನ ಕಾಗದವೂ ಆಗುಂಬೆ ಘಾಟಿ ಹತ್ತಿ ನನ್ನ ಟೇಬಲ್ಲಿಗೆ ಬರತೊಡಗಿತು.

ನೋಂದಣಿ ಬೇರೆ, ಲೈಸೆನ್ಸ್ ಬೇರೆ. ಇದು ಮೊದಲು ತಲೆಗೆ ಹೋಗಬೇಕು. ಲಾರಿಗೆ ಆರ್‌ಸಿ, ಪರ್ಮಿಟ್ ಅಂತ ಎರಡಿರುತ್ತವೆ ಅಲ್ವಾ, ಹಾಗೇ. ಬೋಟು ಯಾರದು, ಎಂಥದು ಅನ್ನುವುದಕ್ಕೆ ನೋಂದಣಿ. ಅದು ಕೇಂದ್ರದ ಕಾನೂನು. ಕರಾವಳಿಯಲ್ಲಿ ಮೀನು ಹಿಡಿಯಲು ಲೈಸೆನ್ಸ್; ಅದು ಕರ್ನಾಟಕದ 1986ರ ಕಾಯ್ದೆಯದು. ಎರಡನ್ನೂ ಕೊಡುವುದು ಮೀನುಗಾರಿಕೆ ಇಲಾಖೆಯೇ. ಅರ್ಜಿ ಹಾಕುವುದು ರಿಯಲ್‌ಕ್ರಾಫ್ಟ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ.

ಫಾರಂನಲ್ಲಿ ಬೋಟಿನ ಜಾತಿ ಸರಿಯಾಗಿ ಆರಿಸಿ. ಬಲೆ ಎಳೆಯುವ ಟ್ರಾಲ್, ಬಲೆ ಸುತ್ತು ಹಾಕುವ ಪರ್ಸಿನ್‌ನಂಥ ಯಾಂತ್ರಿಕ ಬೋಟಿನ ನಂಬರಿನಲ್ಲಿ ಎಂಎಂ ಬರುತ್ತದೆ. ಹೊರಗಡೆ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿಗೆ ಎಂಒ.

ನಾನು ಎಡವಿದ್ದು ಎಂಜಿನ್ ನಂಬರಿನಲ್ಲಿ. ಭಾವ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದರು. ಪ್ಲೇಟಿನ ತುಂಬ ಆಯಿಲ್, ಉಪ್ಪು. 8 ಇದ್ದದ್ದನ್ನು ನಾನು ಬಿ ಅಂತ ಹೊಡೆದೆ. ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಜಾಗದಲ್ಲಿ, ತಪಾಸಣೆಗೆ ಬಂದವರು ಪ್ಲೇಟು ನೋಡಿದರು, ಅರ್ಜಿ ವಾಪಸ್ ಬಂತು. ಈಗ ಫೋಟೊ ನಂಬುವುದಿಲ್ಲ. ಡೀಸೆಲ್ ಬಟ್ಟೆಯಲ್ಲಿ ಪ್ಲೇಟು ಒರೆಸಿ, ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಂತೇನೆ, ಲಾರಿಯ ಚಾಸಿ ನಂಬರ್ ತೆಗೆದ ಹಾಗೆ. ಆ ಹಾಳೆ ಕೈಗೆ ಬಂದ ಮೇಲೇ ಟೈಪ್ ಮಾಡುವುದು. ಎಂಜಿನ್ ಬದಲಾಯಿಸಿದರೂ, ಬೋಟು ಮಾರಿದರೂ ದಾಖಲೆ ತಿದ್ದಿಸಬೇಕು. ಸುಮ್ನೆ ಕೂತರೆ ಆಮೇಲೆ ತಲೆನೋವು ಜಾಸ್ತಿ.

ಇನ್ನು ದೂರದ ಮಾತು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗೆ ರಾಜ್ಯದ ಕೈ. ಅದರಾಚೆ 200 ನಾಟಿಕಲ್ ಮೈಲಿವರೆಗೆ ಕೇಂದ್ರದ್ದು. 2025ರ ಹೊಸ ನಿಯಮದ ಪ್ರಕಾರ ಅಲ್ಲಿಗೆ ಹೋಗುವ ಯಾಂತ್ರಿಕ ಬೋಟಿಗೆ ಆಕ್ಸೆಸ್ ಪಾಸ್, ಅಂದರೆ ಅಲ್ಲಿ ಮೀನು ಹಿಡಿಯುವ ಅನುಮತಿ ಬೇಕು. ಅದಕ್ಕೂ ಇದೇ ಪೋರ್ಟಲ್.

ಯಾವಾಗ ಹಾಕಬೇಕು? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟಿನ ಮೀನುಗಾರಿಕೆಗೆ ರಜೆ. ಬೋಟು ದಕ್ಕೆಯಲ್ಲೇ ಇರುತ್ತದೆ, ತಪಾಸಣೆಗೆ ಸಲೀಸು. ಆದರೆ ಅವರ ರಜೆ ನಮ್ಮೂರಿನ ಮಳೆಗಾಲ. ಕರೆಂಟು ಹೋದರೆ ನೆಟ್ಟೂ ಹೋಯಿತು. ಅದಕ್ಕೇ ಮೇ ಕೊನೆಗೇ ಕಾಗದ ತರಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತೇನೆ.

ಪತ್ರ ಬಂದ ಮೇಲೆ ಬೋಟಿಗೊಂದು ಪ್ರತಿ ಲ್ಯಾಮಿನೇಷನ್ ಮಾಡಿ ಕೊಡಿ. ಉಪ್ಪುಗಾಳಿಗೆ ಬರೀ ಕಾಗದ ತಾಳುವುದಿಲ್ಲ. ನಾನು ಭಾವನ ಹತ್ತಿರ ಅದಕ್ಕೆ ದುಡ್ಡು ಕೇಳುವುದಿಲ್ಲ. ಆಗಸ್ಟಿನಲ್ಲಿ ಮೊದಲ ಬಂಗುಡೆ ಬುಟ್ಟಿ ಹೇಗೂ ಘಾಟಿ ಹತ್ತಿ ಬರುತ್ತದೆ.