ಎರಡು ಕೈ, ನಾಲ್ಕು ಬಾರು: ಜೋಡಿ ಲಗಾಮಿನ ಸವಾರಿ ಕಲಿಯುವುದು ಹೇಗೆ?

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ತಂಡ ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯನ್ನು ಸೂಕ್ಷ್ಮ ಸನ್ನೆಗಳಿಂದ ನಡೆಸಿ ತೋರಿಸುವ ಸವಾರಿ ಆಟದಲ್ಲಿ, ಚಿನ್ನ ಗೆದ್ದಾಗ ಆ ಆಟದ ಹೆಸರನ್ನೇ ಮೊದಲ ಸಲ ಕೇಳಿದವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ. ಮೇಲಿನ ಹಂತದ ಡ್ರೆಸಾಜ್ ಫೋಟೊಗಳನ್ನು ಹತ್ತಿರದಿಂದ ನೋಡಿ. ಎಷ್ಟೋ ಸವಾರರ ಕೈಯಲ್ಲಿ ಎರಡಲ್ಲ, ನಾಲ್ಕು ಬಾರು ಇರುತ್ತವೆ. ಒಂದೊಂದು ಕೈಗೆ ಎರಡೆರಡು. ಕಾರವಾರ, ಶಿರಸಿಯಿಂದ ಬೆಂಗಳೂರಿಗೆ ಓದಲು ಹೋಗಿ, ಅಲ್ಲಿ ಎನ್‌ಸಿಸಿಯಲ್ಲೋ ಸವಾರಿ ಶಾಲೆಯಲ್ಲೋ ಕುದುರೆ ಹತ್ತಿದ ಮಕ್ಕಳು ಒಂದಲ್ಲ ಒಂದು ದಿನ ಈ ಜೋಡಿ ಲಗಾಮಿನ ಮುಂದೆ ನಿಲ್ಲುತ್ತಾರೆ. ಈ ಲೇಖನ ಅವರಿಗೆ.

ಒಂದು ತಪ್ಪು ತಿಳಿವಳಿಕೆ ಮೊದಲೇ ಹೋಗಲಿ. ಎರಡನೇ ಲಗಾಮು ಕುದುರೆಯನ್ನು ನಿಲ್ಲಿಸಲಿಕ್ಕೆ ಅಲ್ಲ. ಓಡಿಹೋಗುವ ಕುದುರೆಗೆ ಡಬಲ್ ಬ್ರೈಡಲ್, ಅಂದರೆ ಈ ಜೋಡಿ ಲಗಾಮು, ಹಾಕಿ ಹದಕ್ಕೆ ತರುತ್ತೇನೆ ಅನ್ನುವವರನ್ನು ನಂಬಬೇಡಿ.

ಬಾಯಿಯೊಳಗೆ ಏನಾಗುತ್ತದೆ?

ಡಬಲ್ ಬ್ರೈಡಲ್‌ನಲ್ಲಿ ಕುದುರೆಯ ಬಾಯಿಗೆ ಎರಡು ಕಡಿವಾಣ. ಮೇಲಿನದು ತೆಳ್ಳಗಿನ ಸ್ನಾಫಲ್ (ಉದ್ದ ಕಡ್ಡಿ, ಸರಪಳಿ ಇಲ್ಲದ ಸಾದಾ ಕಡಿವಾಣ), ಅದಕ್ಕೆ ಬ್ರಡೂನ್ ಅನ್ನುತ್ತಾರೆ. ಇದು ನೇರವಾಗಿ ಕೆಲಸ ಮಾಡುತ್ತದೆ. ನೀವು ಎಷ್ಟು ಎಳೆದರೆ ನಾಲಿಗೆಗೆ, ತುಟಿಯ ಮೂಲೆಗೆ ಅಷ್ಟೇ ಒತ್ತು. ತಿರುಗಿಸುವುದು, ತಲೆ ಸ್ವಲ್ಪ ಎತ್ತಿಸುವುದು ಎಲ್ಲ ಇದರಿಂದಲೇ.

ಕೆಳಗಿನದು ಕರ್ಬ್. ಇದರ ಎರಡೂ ಬದಿಗೆ ಉದ್ದನೆಯ ಕಡ್ಡಿ, ಗದ್ದದ ಕೆಳಗೆ ಒಂದು ಸರಪಳಿ. ಬಾರು ಎಳೆದರೆ ಕಡ್ಡಿಯ ಕೆಳತುದಿ ಹಿಂದೆ ಬರುತ್ತದೆ, ಮೇಲ್ತುದಿ ಮುಂದೆ ಹೋಗುತ್ತದೆ, ಸರಪಳಿ ಬಿಗಿಯುತ್ತದೆ, ಕಿವಿಯ ಹಿಂದಿನ ಪಟ್ಟಿಯೂ ಒತ್ತುತ್ತದೆ. ಕುದುರೆ ತಲೆ ತಗ್ಗಿಸಿ ಕತ್ತಿನ ಮೇಲ್ಭಾಗವನ್ನು ಮಡಿಸುತ್ತದೆ.

ಇದು ಸನ್ನೆಕೋಲಿನ ಲೆಕ್ಕ. ಕಡ್ಡಿ ಬಾಯಿಯಿಂದ ಮೇಲೆ 5 ಸೆಂ.ಮೀ., ಕೆಳಗೆ 10 ಸೆಂ.ಮೀ. ಇದೆ ಅಂದುಕೊಳ್ಳಿ. ಕೈಯಲ್ಲಿ 1 ಕೆ.ಜಿ.ಯಷ್ಟು ಎಳೆದರೆ ಸರಪಳಿಯ ಮೇಲೆ ಸುಮಾರು 2 ಕೆ.ಜಿ., ಬಾಯಿಯೊಳಗೆ ಸುಮಾರು 3 ಕೆ.ಜಿ. ಬೀಳುತ್ತದೆ. ಅದು ಬೀಳುವುದು ನಾಲಿಗೆಯ ಮೇಲೆ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಹಲ್ಲಿಲ್ಲದ ಜಾಗದ ಮೇಲೆ. ಅಲ್ಲಿ ಮೂಳೆಗೆ ಹೊದಿಕೆ ಅಂತ ಇರುವುದು ತೆಳು ಒಸಡು ಅಷ್ಟೇ. ಅಂತರರಾಷ್ಟ್ರೀಯ ನಿಯಮದಲ್ಲಿ ಕೆಳಗಡ್ಡಿ 10 ಸೆಂ.ಮೀ. ಮೀರುವಂತಿಲ್ಲ ಎಂದಿರುವುದು ಸುಮ್ನೆ ಅಲ್ಲ.

ಎತ್ತಿನ ಮೂಗುದಾರ ಹಿಡಿದು ಬೆಳೆದ ಕೈಗೆ ಇದು ಕಷ್ಟ. ಅಲ್ಲಿ ಎಳೆದರೆ ಕೆಲಸ ಆಗುತ್ತದೆ. ಇಲ್ಲಿ ಎಳೆದರೆ ಕೆಲಸ ಕೆಡುತ್ತದೆ.

ನೀವು ತಯಾರಾ?

ಕುದುರೆಯನ್ನು ಉದ್ದ ಹಗ್ಗದಲ್ಲಿ ಹಿಡಿದು ಇನ್ನೊಬ್ಬರು ಸುತ್ತು ಓಡಿಸಲಿ. ನೀವು ಲಗಾಮು ಬಿಟ್ಟು, ಕೈ ಎರಡೂ ಪಕ್ಕಕ್ಕೆ ಚಾಚಿ, ಟ್ರಾಟ್‌ನಲ್ಲಿ (ಮೈ ಕುಲುಕಿಸುವ ನಿಧಾನ ಓಟದಲ್ಲಿ) ಅಲುಗದೆ ಕೂರಬಲ್ಲಿರಾ? ಸಮತೋಲಕ್ಕೆ ಲಗಾಮನ್ನೇ ಹಿಡಿದು ನೇತಾಡುವ ಅಭ್ಯಾಸ ಇದ್ದರೆ ಇನ್ನಷ್ಟು ದಿನ ಒಂದೇ ಲಗಾಮು ಸಾಕು. ಕುದುರೆಯೂ ತಯಾರಿರಬೇಕು. ಸ್ನಾಫಲ್‌ನಲ್ಲಿ ಚೆನ್ನಾಗಿ ಪಳಗಿದ, ಜೋಡಿ ಕಡಿವಾಣ ಮೊದಲೇ ಗೊತ್ತಿರುವ ಕುದುರೆಯ ಮೇಲೆಯೇ ಕಲಿಯಿರಿ. ಇಬ್ಬರೂ ಹೊಸಬರಾದರೆ ಆಗುವುದಿಲ್ಲ.

ಮೊದಲ ಪಾಠ ಕುರ್ಚಿಯ ಮೇಲೆ

ಇದಕ್ಕೆ ಕುದುರೆ ಬೇಡ. ಹಳೆಯ ಶಾಲಾ ಚೀಲದ ಅಗಲ ಬೆಲ್ಟು ಎರಡು, ಪೈಜಾಮದ ಲಾಡಿ ಎರಡು ಹುಡುಕಿ. ಭಾರದ ಕುರ್ಚಿಯ ಬೆನ್ನಿಗೆ ಮೇಲೆ ಬೆಲ್ಟು, ಸ್ವಲ್ಪ ಕೆಳಗೆ ಲಾಡಿ ಕಟ್ಟಿ. ಬೆಲ್ಟು ಬ್ರಡೂನ್, ಲಾಡಿ ಕರ್ಬ್. ನಿಜವಾದ ಲಗಾಮಿನಲ್ಲೂ ಹೀಗೆಯೇ: ಬ್ರಡೂನಿನ ಬಾರು ಅಗಲ, ಕರ್ಬಿನದು ಸಪೂರ. ನೋಡದೆಯೇ ಬೆರಳಿಗೆ ಗೊತ್ತಾಗಲಿ ಅಂತ.

ಈಗ ಎಡಗೈ ಮುಷ್ಟಿ ಹಿಡಿಯಿರಿ, ಹೆಬ್ಬೆರಳು ಮೇಲೆ ಬರಲಿ. ಅಗಲದ ಬಾರು ಕಿರುಬೆರಳಿನ ಹೊರಗಿನಿಂದ, ಅಂದರೆ ಅದರ ಕೆಳಗಿನಿಂದ ಮುಷ್ಟಿಯೊಳಗೆ ಬರಲಿ. ಸಪೂರದ್ದು ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವೆ. ಎರಡೂ ಅಂಗೈಯನ್ನು ದಾಟಿ ತೋರುಬೆರಳಿನ ಮೇಲೆ ಹೊರಬರುತ್ತವೆ, ಅಲ್ಲಿ ಹೆಬ್ಬೆರಳು ಅದುಮಿ ಹಿಡಿಯುತ್ತದೆ. ಬಾರು ಜಾರದಂತೆ ತಡೆಯುವುದು ಹೆಬ್ಬೆರಳೊಂದೇ. ಉಳಿದ ಬೆರಳು ಸಡಿಲ. ಬಲಗೈಯಲ್ಲೂ ಹೀಗೆಯೇ. ಕಿರುಬೆರಳ ಹೊರಗೆ ಕರ್ಬ್ ಹಿಡಿಯುವ ಹಳೆಯ ಪದ್ಧತಿಯೂ ಇದೆ. ಆದರೆ ಮಣಿಕಟ್ಟು ತಿರುಗಿದಾಗ ಹೆಚ್ಚು ಬಿಗಿಯುವುದು ಹೊರಗಿನ ಬಾರು. ಹೊಸಬರ ಕೈಯಲ್ಲಿ ಅಲ್ಲಿ ಬ್ರಡೂನ್ ಇದ್ದರೇ ಕ್ಷೇಮ.

ಬಳಿಕ ಕುರ್ಚಿ ಬಿಟ್ಟು ತಂಗಿಯನ್ನೋ ಗೆಳೆಯನನ್ನೋ ಕರೆಯಿರಿ. ಅವರು ನಾಲ್ಕೂ ಬಾರಿನ ಇನ್ನೊಂದು ತುದಿ ಹಿಡಿದು ಕಣ್ಣು ಮುಚ್ಚಲಿ. ನೀವು ಒಂದೊಂದೇ ಬೆರಳು ಮುಚ್ಚಿ. "ಎಡ ಅಗಲ", "ಬಲ ಸಪೂರ" ಅಂತ ಅವರು ಹೇಳಬೇಕು. ಮೊದಮೊದಲು ಒಂದು ಬಾರು ಅಲ್ಲಾಡಿಸಿದರೆ ಎರಡೂ ಅಲ್ಲಾಡುತ್ತವೆ. ಅವರು ತಪ್ಪಿಲ್ಲದೆ ಹೇಳುವ ತನಕ ಲಾಯದ ಕಡೆ ಹೋಗುವ ಅವಸರ ಬೇಡ. ಬಾರು ಗಿಡ್ಡ ಮಾಡುವುದನ್ನೂ ಇಲ್ಲೇ ಕಲಿಯಿರಿ: ಒಂದು ಬಾರಿನ ತುದಿಯನ್ನು ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ಹಿಡಿದು, ಮುಷ್ಟಿಯನ್ನು ಮುಂದೆ ಜಾರಿಸುವುದು.

ಸರಪಳಿ ಸರಿ ಇದೆಯಾ?

ಕುದುರೆಗೆ ತೊಡಿಸುವಾಗ ಎರಡೂ ಕಡಿವಾಣ ಒಟ್ಟಿಗೆ ಬಾಯಿಗೆ ಹೋಗಬೇಕು. ಬ್ರಡೂನ್ ಮೇಲೆ, ಕರ್ಬ್ ಅದರ ಕೆಳಗೆ. ಸರಪಳಿಯನ್ನು ಮಾತ್ರ ನೀವೇ ಕೈಯಾರೆ ನೋಡಿ. ಬಲಗಡೆ ಕೊಕ್ಕೆಗೆ ಸಿಕ್ಕಿಸಿದ ಮೇಲೆ ಕೊಂಡಿಗಳೆಲ್ಲ ಚಪ್ಪಟೆಯಾಗಿ ಕೂರುವ ತನಕ ಬಲಕ್ಕೆ ತಿರುವುತ್ತ ಹೋಗಿ, ಆಮೇಲೆ ಎಡದ ಕೊಕ್ಕೆಗೆ ಹಾಕಿ. ಒಂದು ಕೊಂಡಿ ಮಗುಚಿದ್ದರೂ ಅದರ ಅಂಚು ಗದ್ದವನ್ನು ಕೊರೆಯುತ್ತದೆ. ಬೆರಳು ಒಳಗೆ ಹಾಕಿ ಉದ್ದಕ್ಕೂ ಸವರಿದರೆ ಗೊತ್ತಾಗುತ್ತದೆ. ಸರಪಳಿ ಬ್ರಡೂನಿನ ಕೆಳಗಿನಿಂದ ಹಾದು, ಗದ್ದದ ಹಿಂದಿನ ತಗ್ಗಿನಲ್ಲಿ ಕೂರಬೇಕು. ಕರ್ಬಿನ ಬಾರು ಮೆಲ್ಲಗೆ ಎಳೆದಾಗ ಕಡ್ಡಿ ಸುಮಾರು 45 ಡಿಗ್ರಿ ಹಿಂದೆ ಬಂದ ಮೇಲೆ ಬಿಗಿಯಬೇಕು. ಅದಕ್ಕೂ ಮೊದಲೇ ಬಿಗಿದರೆ ಒಂದು ಕೊಂಡಿ ಬಿಡಿ.

ಹತ್ತಿದ ಮೇಲೆ

ಮೊದಲ ಕೆಲವು ಸಲ ಕರ್ಬಿನ ಬಾರನ್ನು ಗಂಟು ಹಾಕಿ ಕುದುರೆಯ ಕತ್ತಿನ ಮೇಲೆ ಬಿಟ್ಟು, ಬ್ರಡೂನ್ ಒಂದರಲ್ಲೇ ಸವಾರಿ ಮಾಡಿ. ಆಮೇಲೆ ನಾಲ್ಕೂ ಹಿಡಿಯಿರಿ, ಆದರೆ ಕರ್ಬ್ ಜೋತು ಬಿದ್ದಿರಲಿ. ನಡಿಗೆಯಲ್ಲಿ ದೊಡ್ಡ ಸುತ್ತು, ನಿಲ್ಲುವುದು, ಹೊರಡುವುದು. ಕೈಗೆ ಹೊಂದಿಕೆಯಾದ ಮೇಲೆ ಟ್ರಾಟ್.

ಕರ್ಬ್ ಬಳಸುವ ದಿನ ಬಂದಾಗ ಕ್ರಮ ಹೀಗೆ: ಮೊದಲು ನಿಮ್ಮ ಕಾಲು ಮುಂದೆ ಹೋಗು ಅನ್ನುತ್ತದೆ, ಬ್ರಡೂನ್ ಆ ಮುನ್ನುಗ್ಗುವ ಬಲವನ್ನು ಹಿಡಿದುಕೊಳ್ಳುತ್ತದೆ, ಕೊನೆಗೆ ಉಂಗುರ ಬೆರಳು ಒಮ್ಮೆ ಮುಚ್ಚಿ ತಕ್ಷಣ ತೆರೆಯುತ್ತದೆ. ತೋಳು ಹಿಂದೆ ಬರಲೇಬಾರದು. ಕುದುರೆ ಕತ್ತು ಸಡಿಲಿಸಿತೋ, ಅಷ್ಟೇ, ಕರ್ಬ್ ಮತ್ತೆ ಜೋಲಲಿ.

ಗದ್ದವನ್ನು ಎದೆಗೆ ಒತ್ತಿಕೊಂಡು ನಡೆಯುವ ಕುದುರೆ ನೋಡಲು ಗತ್ತಾಗಿ ಕಾಣುತ್ತದೆ, ಅಲ್ವಾ? ಅದು ನೋವು ತಪ್ಪಿಸಿಕೊಳ್ಳುತ್ತಿರುವ ಕುದುರೆ. ಬಾಯಿ ಕಳೆಯುವುದು, ನಾಲಿಗೆ ಹೊರಗೆ ಹಾಕುವುದು, ತಲೆ ಕೊಡವುವುದು, ಹೆಜ್ಜೆ ಗಿಡ್ಡವಾಗುವುದು ಎಲ್ಲವೂ ಅದೇ ದೂರು. ಕರ್ಬ್ ಬಿಡಿ, ಮುಂದೆ ಓಡಿಸಿ.

ಎರಡು ಕಡಿವಾಣ ಜಾಸ್ತಿ ಅನಿಸಿದರೆ ಪೆಲ್ಹಮ್ ಇದೆ. ಕಡಿವಾಣ ಒಂದೇ, ಬಾರು ಎರಡು ಜೊತೆ. ಕೆಲಸ ಡಬಲ್ ಬ್ರೈಡಲಿನಷ್ಟು ಸ್ಪಷ್ಟವಲ್ಲ, ಕಲಿಯುವ ಕೈಗೆ ಸಾಕು. ಪೋಲೊ ಆಡುವವರು ನಾಲ್ಕೂ ಬಾರನ್ನು ಎಡಗೈ ಒಂದರಲ್ಲೇ ಹಿಡಿಯುತ್ತಾರೆ. ಅದು ಬೇರೆಯೇ ವಿದ್ಯೆ.

ಕಡಲ ದಂಡೆ ಬೇಡ

ಕುದುರೆ ನಮ್ಮ ಮರಳಿಗೆ ಹೊಸದಲ್ಲ. ಅರಬ್ ನಾಡಿನಿಂದ, ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರದಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಆ ವ್ಯಾಪಾರ ಅತ್ತ ಸರಿಯಿತು. ಆದರೂ ಜೋಡಿ ಲಗಾಮು ಕಲಿಯಲು ಕಾರವಾರದ ಟ್ಯಾಗೋರ್ ಬೀಚು ತಕ್ಕ ಜಾಗವಲ್ಲ. ಅಲೆ, ನಾಯಿ, ಗಾಳಿಪಟ, ಜನ. ಕುದುರೆ ಬೆಚ್ಚಿದರೆ ಸವಾರನ ಕೈ ತಾನಾಗಿ ಬಿಗಿಯುತ್ತದೆ, ಕರ್ಬ್ ನೇರ ಬಾಯಿಗೆ ಹೊಡೆಯುತ್ತದೆ. ಬೇಲಿ ಇರುವ ಮೈದಾನವೇ ಬೇಕು. ಮರಳಿಗೆ ಹೋಗುವುದಾದರೆ ಇಳಿತದ ಹೊತ್ತಿಗೆ, ಒದ್ದೆ ಗಟ್ಟಿ ಮರಳಿನ ಮೇಲೆ, ಒಂದೇ ಲಗಾಮಿನಲ್ಲಿ.

ಸಾಮಾನು ಕಾಯುವುದು ನಮ್ಮ ಕಡೆ ದೊಡ್ಡ ಕೆಲಸ. ಕರಾವಳಿಯ ಉಪ್ಪು ಗಾಳಿಗೆ ಕೊಕ್ಕೆಗಳು ತುಕ್ಕು ಹಿಡಿಯುತ್ತವೆ. ಕಡಿವಾಣ, ಸರಪಳಿ ಎರಡನ್ನೂ ದಿನವೂ ಸಿಹಿನೀರಿನಲ್ಲಿ ತೊಳೆದು ಒರೆಸಿ. ಶಿರಸಿಯ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಗ್ಯಾರಂಟಿ. ಹಾಗಂತ ಬಚ್ಚಲ ಒಲೆಯ ಹತ್ತಿರ ತೂಗುಹಾಕಬೇಡಿ, ಚರ್ಮ ಸೆಟೆದು ಬಿರಿಯುತ್ತದೆ. ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಸ್ಯಾಡಲ್ ಸೋಪು ತಿಕ್ಕಿ. ಬಾರಿನ ಹೊಲಿಗೆಯನ್ನು, ಕಡಿವಾಣಕ್ಕೆ ಸೇರುವ ಮಡಿಕೆಯನ್ನು ತಿರುಗಿಸಿ ನೋಡಿ. ಬಾರು ಮೊದಲು ಹರಿಯುವುದು ಅಲ್ಲೇ.