ಹಳೇ ಆಂಪ್ ಮಾರಿದ್ಮೇಲೆ ಕೆಟ್ರೆ ಜವಾಬ್ದಾರಿ ಯಾರ್ದು?

ಮನೇಲಿರೋ ಹಳೇ ಆಂಪ್ಲಿಫೈಯರ್ ಮಾರೋರು ಮೊದ್ಲು ಇದನ್ನ ತಿಳ್ಕೊಳ್ಳಿ, 1930ರ ಸರಕು ಮಾರಾಟ ಕಾಯ್ದೆ ಪ್ರಕಾರ ಗುಣಮಟ್ಟದ ಹೊಣೆ ತಾನಾಗೇ ಬರೋದು ಸಾಮಾನ್ಯವಾಗಿ ಅದೇ ವ್ಯಾಪಾರ ಮಾಡೋ ಅಂಗಡಿಯವ್ರ ಮೇಲೆ, ನಮ್ಮ ನಿಮ್ಮಂಥವ್ರ ಮೇಲಲ್ಲ. ಹಾಗಂತ ಸುಳ್ಳು ಹೇಳಿ ಮಾರಿದ್ರೆ ಬಚಾವಾಗಲ್ಲ, ಗೊತ್ತಿರೋ ದೋಷನ ಮೋಸ ಮಾಡೋಕೆ ಅಂತ್ಲೇ ಮುಚ್ಚಿಟ್ರೆ 1872ರ ಕರಾರು ಕಾಯ್ದೇಲಿ ಅದು ವಂಚನೆ, ತಗೊಂಡೋರು ವ್ಯವಹಾರ ರದ್ದು ಮಾಡಿ ದುಡ್ಡು ವಾಪಸ್ ಕೇಳ್ಬೋದು.

ಅದಕ್ಕೇ ಇರೋದನ್ನ ಇದ್ದಂಗೆ ವಾಟ್ಸಾಪಲ್ಲಿ ಬರೆದು ಕಳ್ಸಿ: ವಾಲ್ಯೂಮ್ ತಿರುಗಿಸಿದ್ರೆ ಕರಕರ ಅನ್ನುತ್ತೆ, ಎಡಗಡೆ ಚಾನೆಲ್ ಆಗಾಗ ಹೋಗುತ್ತೆ, ಒಳಗೆ ರಿಪೇರಿ ಆಗಿದೆ, ಏನಿದ್ರೂ. ಸುಮ್ನೆ "ಫುಲ್ ವರ್ಕಿಂಗ್" ಅಂತ ಬರೀಬೇಡಿ, ನಾಳೆ ಜಗಳ ಆದ್ರೆ ಅದೇ ಸ್ಕ್ರೀನ್‌ಶಾಟ್ ತೋರಿಸ್ತಾರೆ. ನೋಡೋಕೆ ಬಂದೋರಿಗೆ ಅರ್ಧ ಗಂಟೆನಾದ್ರೂ ಹಾಡು ಹಾಕಿ ಕೇಳ್ಸಿ, ಯಾಕಂದ್ರೆ ಒಳಗೆ ಬಿರುಕು ಬಿಟ್ಟ ಸೋಲ್ಡರ್ (ಭಾಗಗಳನ್ನ ಕೂಡ್ಸೋ ಬೆಸುಗೆ) ಎಷ್ಟೋ ಸಲ ಬಿಸಿ ಆದ್ಮೇಲೇ ಕೈ ಕೊಡೋದು. ಸೀರಿಯಲ್ ನಂಬರ್ ಕಾಣೋ ಹಾಗೆ ವಿಡಿಯೋ ತೆಗೆದು ಇಬ್ರೂ ಇಟ್ಕೊಳ್ಳಿ.

ವಾರ ಬಿಟ್ಟು ಕೆಟ್ಟೋಯ್ತು ಅಂತ ಫೋನ್ ಬಂದ್ರೆ ದಯವಿಟ್ಟು ಬ್ಲಾಕ್ ಮಾಡ್ಬೇಡಿ. ಸ್ಪೀಕರ್ ವೈರ್ ಶಾರ್ಟ್ ಆಯ್ತಾ, 8 ಓಮ್ ಸ್ಪೀಕರ್‌ಗೆ ಅಂತ ಮಾಡಿರೋ ಆಂಪಿಗೆ 4 ಓಮ್ ಸ್ಪೀಕರ್ ಹಾಕಿ ಜಾಸ್ತಿ ಹೊರೆ ಕೊಟ್ರಾ (ಓಮ್ ಅಂದ್ರೆ ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆಯ ಅಳತೆ), ಕೇಳಿ. ಅವ್ರ ತಪ್ಪಿಲ್ದೆ ಕೆಟ್ಟಿದ್ರೆ, ಕಾನೂನು ಕೇಳ್ದೇ ಇದ್ರೂ, ರಿಪೇರಿ ಖರ್ಚಲ್ಲಿ ಅರ್ಧ ಕೊಡೋದೇ ನ್ಯಾಯ ಅಂತೀನಿ ನಾನು.