ಐವತ್ತರ ಮುಳ್ಳು

ನಮ್ಮ ಪವರ್ ಹೌಸ್‌ನ ಕಂಟ್ರೋಲ್ ರೂಮಿನಲ್ಲಿ ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅಂತ ತೋರಿಸುವ ಒಂದು ಹಳೆಯ ಹರ್ಟ್ಸ್ ಮೀಟರ್ ಇತ್ತು. ಕಂಪ್ಯೂಟರ್ ಬಂದ ಮೇಲೂ ಅದನ್ನು ತೆಗೆಯಲು ನಾನು ಬಿಡಲಿಲ್ಲ. ಅದರ ಮುಳ್ಳು ಐವತ್ತರ ಮೇಲೆ ನಿಂತಿದ್ದರೆ ಊಟ ರುಚಿಸುತ್ತಿತ್ತು. ಅಲುಗಾಡಿದರೆ ಮುರಿದ ರೊಟ್ಟಿ ಹಾಗೇ ಡಬ್ಬಿಗೆ ವಾಪಸ್.

ವಾಡಿ, ಶಹಾಬಾದ್, ಸೇಡಂ, ಮಳಖೇಡ ಕಡೆ ನೆಲ ಅಗೆದರೆ ಸುಣ್ಣದ ಕಲ್ಲು ಸಿಗುತ್ತದೆ. ಅದಕ್ಕೇ ಅಲ್ಲೆಲ್ಲ ಸಿಮೆಂಟ್ ಕಾರ್ಖಾನೆಗಳು. ಅಂಥ ಒಂದರ ಕಲ್ಲಿದ್ದಲ ಪವರ್ ಹೌಸ್‌ನಲ್ಲಿ ನಾನು 28 ವರ್ಷ ದುಡಿದೆ. ಯಾವುದು ಅಂತ ಹೇಳುವುದಿಲ್ಲ. ಎರಡು ಬಾಯ್ಲರ್, ಎರಡು ಟರ್ಬೈನ್. ಎರಡಕ್ಕೂ ವಯಸ್ಸಾಗಿತ್ತು. ಕೊನೆಯ ಹನ್ನೆರಡು ವರ್ಷ ನಾನು ಷಿಫ್ಟ್ ಇನ್‌ಚಾರ್ಜ್.

ಇದನ್ನು ಬರೆಯಲು ಕೂತಿದ್ದು ಉಕ್ರೇನ್‌ನ ಒಂದು ಥರ್ಮಲ್ ಸ್ಟೇಷನ್‌ನಿಂದಾಗಿ. ಲುಹಾನ್ಸ್ಕ್ ಸ್ಟೇಷನ್ ಅಂತ ಅದರ ಹೆಸರು. ಇರುವ ಊರು ಶ್ಚಾಸ್ತ್ಯಾ. ಆ ಮಾತಿಗೆ ಅವರ ಭಾಷೆಯಲ್ಲಿ ಸುಖ ಅಂತ ಅರ್ಥವಂತೆ. 1950ರ ದಶಕದ ಸ್ಟೇಷನ್, ಅಂದರೆ ನನಗಿಂತ ಹಿರಿಯ. 2014ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಉಕ್ರೇನ್ ಸೇನೆ, ರಷ್ಯಾ ಬೆಂಬಲದ ಬಂಡುಕೋರರು, ಈ ಎರಡು ಕಡೆಯವರ ನಡುವಿನ ಗಡಿ ಊರಿನ ಪಕ್ಕದ ಸಿವೆರ್ಸ್ಕಿ ಡೊನೆಟ್ಸ್ ನದಿಗೇ ಬಂದು ನಿಂತಿತು. ಆ ಸೆಪ್ಟೆಂಬರ್‌ನಲ್ಲಿ ಶೆಲ್ ಬಿದ್ದು ಟ್ರಾನ್ಸ್‌ಫಾರ್ಮರ್‌ಗಳಿಗೆ ಬೆಂಕಿ ಹತ್ತಿತು. ದೇಶದ ಗ್ರಿಡ್‌ನಿಂದ, ಅಂದರೆ ಎಲ್ಲ ಸ್ಟೇಷನ್‌ಗಳನ್ನು ಬೆಸೆದ ಕರೆಂಟಿನ ಜಾಲದಿಂದ, ಸ್ಟೇಷನ್ ಕಳಚಿಕೊಂಡಿತು. ಆಮೇಲೆ ವರ್ಷಗಟ್ಟಲೆ ಅದು ಒಂಟಿಯಾಗಿ ಓಡಿತು. ಇಂಥ ಒಂಟಿ ಓಟಕ್ಕೆ ನಮ್ಮ ಭಾಷೆಯಲ್ಲಿ ಐಲ್ಯಾಂಡ್ ಅನ್ನುತ್ತೇವೆ.

ವರ್ಷಗಟ್ಟಲೆ ಅಂತ ಓದಿ ನಾನು ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂತೆ. ಯಾಕಂದರೆ ನಾನು ಐಲ್ಯಾಂಡ್‌ನಲ್ಲಿ ಓಡಿಸಿದ್ದು ಒಂದೇ ಸಲಕ್ಕೆ 26 ತಾಸು. ಅಷ್ಟಕ್ಕೇ ಸಾಕಾಗಿಹೋಗಿತ್ತು.

2009ರ ಮೇ ತಿಂಗಳು. ಕಲಬುರಗಿಗೆ ಆಗಿನ್ನೂ ಗುಲಬರ್ಗಾ ಅಂತಲೇ ಹೆಸರು. ಬಿಸಿಲು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ನಮ್ಮ ಎರಡನೇ ಬಾಯ್ಲರ್‌ನಲ್ಲಿ ಟ್ಯೂಬ್ ಲೀಕ್ ಆಗಿ ಹಿಂದಿನ ರಾತ್ರಿಯೇ ನಿಲ್ಲಿಸಿದ್ದೆವು. ಒಂದೇ ಟರ್ಬೈನ್ ಓಡುತ್ತಿತ್ತು, 13 ಮೆಗಾವ್ಯಾಟ್. ಕಾರ್ಖಾನೆಗೆ ಬೇಕಾದದ್ದು 18. ಉಳಿದ ಐದು ಗ್ರಿಡ್‌ನಿಂದ. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಆಮೇಲೆ ಧೂಳು, ಗಾಳಿ, ನಾಲ್ಕು ಹನಿ ಮಳೆ. ಎಲ್ಲೋ ಟವರ್ ಬಿತ್ತು. ಗ್ರಿಡ್ ಹೋಯಿತು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಗ್ರಿಡ್ ಅಂದರೆ ನೂರು ಎತ್ತು ಎಳೆಯುವ ಬಂಡಿ. ನಮ್ಮ ಟರ್ಬೈನ್ ಅದರಲ್ಲಿ ಒಂದು ಬಡ ಎತ್ತು. ನಾವು ಸ್ವಲ್ಪ ಸೋಮಾರಿ ಆದರೂ ಬಂಡಿಗೆ ಗೊತ್ತಾಗುವುದಿಲ್ಲ. ಹಗ್ಗ ಕಡಿದರೆ ಬಂಡಿ ಪೂರಾ ನಮ್ಮದೇ. 13 ಮೆಗಾವ್ಯಾಟ್ ಕೊಡುವ ಯಂತ್ರದ ಮೇಲೆ 18ರ ಭಾರ ಬಿದ್ದರೆ ಅದು ನಿಧಾನವಾಗುತ್ತದೆ. ನಿಮಿಷಕ್ಕೆ 3000 ಸುತ್ತು ಅಂದರೆ 50 ಹರ್ಟ್ಸ್. ಸುತ್ತು ಇಳಿದರೆ ಹರ್ಟ್ಸ್ ಇಳಿಯುತ್ತದೆ. ಹರ್ಟ್ಸ್ ಇಳಿದರೆ ಬಾಯ್ಲರ್‌ಗೆ ನೀರು ತಳ್ಳುವ ಪಂಪು, ಗಾಳಿ ಊದುವ ಫ್ಯಾನು ಎಲ್ಲದರ ಉಸಿರೂ ಇಳಿಯುತ್ತದೆ, ಯಾಕಂದರೆ ಅವು ಓಡುವುದೂ ಅದೇ ಕರೆಂಟಿನ ಮೇಲೆ. ಆಗ ಹಬೆ ಇನ್ನೂ ಕಡಿಮೆ. ಹರ್ಟ್ಸ್ ಇನ್ನೂ ಕೆಳಗೆ. ಬಾವಿಗೆ ಬಿದ್ದ ಕೊಡದ ಹಾಗೆ ಹೋಗುತ್ತದೆ.

"ಸಾಹೇಬ್ರ, ಹರ್ಟ್ಸ್ ಇಳಿಲಾಕತ್ತದ್ರಿ!" ಅಂತ ಡೆಸ್ಕಿನ ಹುಡುಗ ಕೂಗಿದ. 49.3 ಇತ್ತು. ಆಗ ಅದೇನೂ ದೊಡ್ಡ ವಿಷಯ ಅಲ್ಲ, ದಕ್ಷಿಣದ ಗ್ರಿಡ್ ಅಷ್ಟಕ್ಕೆ ಇಳಿಯುವುದು ಮಾಮೂಲು. ಆದರೆ ಮುಳ್ಳು ನಿಲ್ಲಲಿಲ್ಲ. 48.5. 48. ಇಷ್ಟಕ್ಕೆ ಇಳಿದಾಗ ರಿಲೇ ಅನ್ನುವ ಕಾವಲು ಸಾಧನ ತಾನಾಗಿಯೇ ದೊಡ್ಡ ಮೋಟರ್‌ಗಳನ್ನು ಕಡಿದು ಹಾಕಬೇಕು. ಕ್ರಷರ್ ಬಿತ್ತು. ಕಚ್ಚಾ ಕಲ್ಲು ಅರೆಯುವ ರಾ ಮಿಲ್ ಮಾತ್ರ ಬೀಳಲಿಲ್ಲ, ಅದರ ಕರೆಂಟ್ ಕಡಿಯುವ ದೊಡ್ಡ ಸ್ವಿಚ್ಚು, ಬ್ರೇಕರ್, ಕಚ್ಚಿಕೊಂಡು ಕೂತಿತ್ತು. ಹಿಂದಿನ ತಿಂಗಳೇ ಅದನ್ನು ತೆಗೆದು ಸಾಫ್ ಮಾಡಬೇಕಿತ್ತು, ಮಾಡಿರಲಿಲ್ಲ. ತಪ್ಪು ನನ್ನದೇ. 47.5ಕ್ಕೆ ನಮ್ಮ ಟರ್ಬೈನ್ ಟ್ರಿಪ್ ಆಗಿ ತಾನಾಗಿಯೇ ನಿಂತುಬಿಡುತ್ತದೆ. ಅದಕ್ಕಿಂತ ಕೆಳಗೆ ಕೊನೆಯ ಸಾಲಿನ ಉದ್ದನೆಯ ಬ್ಲೇಡುಗಳು ನಡುಗಿ ಬಿರುಕು ಬಿಡುವ ಭಯ.

ಸಬ್‌ಸ್ಟೇಷನ್‌ಗೆ ಫೋನ್ ಮಾಡಿದೆ. ಎತ್ತಿದವರು ನಮ್ಮ ಹಿರಿಯ ಎಲೆಕ್ಟ್ರಿಷಿಯನ್, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. "ಕಾಕಾ, ರಾ ಮಿಲ್ ಕೈಲೆ ಹೊಡೀರಿ" ಅಂದೆ, ಅಂದರೆ ಬ್ರೇಕರ್ ಅನ್ನು ಕೈಯಿಂದಲೇ ಕಡಿಯಿರಿ ಅಂತ. ಅವರು ಯಾಕೆ ಅಂತ ಕೇಳಲಿಲ್ಲ. ಯಾಕೆ ಅಂತ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. 47.6ಕ್ಕೆ ಮುಳ್ಳು ತಿರುಗಿತು.

ಈಗ ಉಲ್ಟಾ ಪೇಚು. ಒಮ್ಮೆಲೇ ಬೇಕಾದ್ದಕ್ಕಿಂತ ಜಾಸ್ತಿ ಲೋಡ್ ಕಳಚಿಹೋಗಿ ಬರೀ 8 ಮೆಗಾವ್ಯಾಟ್ ಉಳಿಯಿತು. ಹರ್ಟ್ಸ್ 51 ದಾಟಿತು. ಟರ್ಬೈನಿನ ವೇಗ ಹಿಡಿದಿಡುವ ಗವರ್ನರ್ ಹಬೆಯ ದಾರಿ ಮುಚ್ಚಿತು. ಆದರೆ ಬಾಯ್ಲರ್ ಒಲೆಯಲ್ಲ, ಕಟ್ಟಿಗೆ ಹಿಂದಕ್ಕೆ ಎಳೆದರೆ ಆರುವುದಕ್ಕೆ. ನಮ್ಮದು ಮರಳಿನ ಬೆಡ್ ಮೇಲೆ ಕಲ್ಲಿದ್ದಲು ಕುದಿಯುವ ಬಾಯ್ಲರ್. ಕಲ್ಲಿದ್ದಲು ನಿಲ್ಲಿಸಿದರೂ ಕೆಂಪಗೆ ಕಾದ ಮರಳು ಹಬೆ ಎಬ್ಬಿಸುತ್ತಲೇ ಇರುತ್ತದೆ. ವೆಂಟ್ ತೆರೆದು ಹಬೆಯನ್ನು ಆಕಾಶಕ್ಕೆ ಬಿಟ್ಟೆವು. ಆ ಸದ್ದಿಗೆ ಕಾಲೊನಿಯ ಹೆಂಗಸರು ಮಕ್ಕಳು ಹೊರಗೆ ಬಂದು ನಿಂತರಂತೆ.

ಹಬೆ ಬಿಡುವುದು ಸುಲಭ. ಆದರೆ ಆ ಹಬೆ ಬಾವಿ ನೀರಲ್ಲ, ಲವಣ ತೆಗೆದ ಡಿಎಂ ನೀರು. ಟ್ಯಾಂಕಿನಲ್ಲಿ ಇದ್ದದ್ದೇ ಅಷ್ಟು. ರಾತ್ರಿ ಎಂಟಕ್ಕೆ ಲೆಕ್ಕ ಹಾಕಿದೆ. ಹೀಗೇ ಬಿಟ್ಟರೆ ಬೆಳಗಿನ ಜಾವಕ್ಕೆ ಟ್ಯಾಂಕು ಖಾಲಿ. ಕಲ್ಲಿದ್ದಲು ಇತ್ತು, ಯಂತ್ರ ಇತ್ತು, ಜನ ಇದ್ದರು. ನೀರಿಗೆ ಸೋಲುವ ಹಾಗಾಯಿತು.

ಹಾಗಾಗಿ ಲೋಡ್ ಕಟ್ಟಬೇಕಿತ್ತು, ಅದೂ ಸಮನಾದ ಲೋಡು. ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟ್ ಆಗುವ ಸುಟ್ಟ ಗಟ್ಟಿ, ಸ್ಟಾಕ್ ಇತ್ತು, ಒಂದು ಸಿಮೆಂಟ್ ಮಿಲ್ ಓಡಿಸೋಣ ಅಂದೆ. ಮ್ಯಾನೇಜರ್ ಹೆದರಿದರು. ಸರಿಯೇ, ಎರಡೂವರೆ ಮೆಗಾವ್ಯಾಟ್‌ನ ಮೋಟರ್ ಚಾಲೂ ಆಗುವಾಗ ಒಂದು ಗುಟುಕಿಗೆ ಎಳೆಯುವ ಕರೆಂಟಿಗೆ ಐಲ್ಯಾಂಡ್ ಮುಳುಗಬಹುದು. ನಾವು ಮಾಡಿದ್ದು ಹೀಗೆ. ಮೊದಲು ಗವರ್ನರ್ ಎತ್ತಿ ಹರ್ಟ್ಸ್ ಅನ್ನು ಬೇಕಂತಲೇ 50.8ಕ್ಕೆ ತಂದೆವು. ವೆಂಟ್ ತೆರೆದೇ ಇಟ್ಟೆವು, ಅಂದರೆ ಹಬೆ ಕೈಯಲ್ಲೇ ಇದೆ. ಮಿಲ್ಲಿನ ಮೋಟರ್ ಅನ್ನು ಮೆಲ್ಲಗೆ ಚಾಲೂ ಮಾಡುವ ಲಿಕ್ವಿಡ್ ಸ್ಟಾರ್ಟರ್‌ನಲ್ಲಿ ನೀರು ಸೋಡಾ ಎರಡನ್ನೂ ನೋಡಿಕೊಂಡೆವು. ನಾನು ಫೋನ್ ಹಿಡಿದು "ಈಗ" ಅನ್ನುವವರೆಗೆ ಯಾರೂ ಏನೂ ಮುಟ್ಟಬಾರದು. "ಈಗ" ಅಂದೆ. 50.8ರಿಂದ 49.2ಕ್ಕೆ ಬಿತ್ತು. ಎರಡು ಸಲ ತೂಗಾಡಿತು. ನಿಂತಿತು. ಬಾಯ್ಲರ್ ಅಟೆಂಡೆಂಟ್ ನಿಧಾನಕ್ಕೆ ವೆಂಟ್ ಮುಚ್ಚಿದ. ಆ ಸದ್ದು ನಿಂತಾಗ ಆದ ಸುಖ ಮದುವೆ ಮನೆಯಲ್ಲೂ ಆಗಿಲ್ಲ.

ಗವರ್ನರ್ ಹಳೆಯ ಎಣ್ಣೆಯದು. ಅದರ ಕೀಲುಗಳು ಸವೆದಿದ್ದವು. ಗ್ರಿಡ್ ಜೊತೆ ಇದ್ದಾಗ ಆ ಸವೆತ ಕಾಣುವುದೇ ಇಲ್ಲ. ಒಂಟಿಯಾದ ಮೇಲೆ ಅದು ಕಚ್ಚುತ್ತಿತ್ತು, ಬಿಡುತ್ತಿತ್ತು, ಮುಳ್ಳು ತೊಟ್ಟಿಲಿನ ಹಾಗೆ ಆಡುತ್ತಿತ್ತು. ಬೀದರ್ ಕಡೆಯ ಒಬ್ಬ ಫಿಟ್ಟರ್ ಅದರ ಪಕ್ಕ ಸ್ಟೂಲ್ ಹಾಕಿಕೊಂಡು ಎಣ್ಣೆ ಡಬ್ಬಿ ಹಿಡಿದು ರಾತ್ರಿಯೆಲ್ಲ ಕೂತ. ಊಟ ಅಲ್ಲಿಗೇ ತರಿಸಿದೆವು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ.

ಆ ಕಡೆ ಎರಡನೇ ಬಾಯ್ಲರ್‌ನ ಕೆಲಸವೂ ನಡೆದಿತ್ತು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಆ ಬೂದಿ ಗಾಳಿಯ ಜೊತೆ ಹೊಡೆದು ಹೊಡೆದು ಟ್ಯೂಬಿನ ಬಾಗಿದ ಜಾಗವನ್ನು ಮರಳು ಕಾಗದದ ಹಾಗೆ ಉಜ್ಜಿ ತೆಳ್ಳಗೆ ಮಾಡುತ್ತದೆ. ಒಂದು ಟ್ಯೂಬ್ ತೂತಾದರೆ ಅದರಿಂದ ಚಿಮ್ಮುವ ಹಬೆ ಪಕ್ಕದ ಟ್ಯೂಬನ್ನೂ ಕೊರೆಯುತ್ತದೆ. ಒಂದು ಅಂತ ಒಳಗೆ ಹೋದರೆ ಮೂರು ಸಿಕ್ಕವು. ಬಾಯ್ಲರ್ ನಿಯಮಗಳ ಐಬಿಆರ್ ಪರೀಕ್ಷೆ ಪಾಸಾದ ವೆಲ್ಡರ್ ನಮ್ಮಲ್ಲಿ ಆ ಹೊತ್ತಿಗೆ ಒಬ್ಬನೇ. ಮ್ಯಾನ್‌ಹೋಲ್ ಒಳಗೆ ಒದ್ದೆ ಗೋಣಿ ಚೀಲ ಹಾಸಿಕೊಂಡು ಮಲಗಿ ವೆಲ್ಡ್ ಮಾಡಿದ. ಹತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ. ಬೇಗ ಮುಗಿಸು ಅಂತ ಮೇಲಿನವರಿಂದ ನಾಲ್ಕು ಫೋನ್ ಬಂದವು. ನಾನು ಅವನಿಗೆ ಒಂದನ್ನೂ ಹೇಳಲಿಲ್ಲ. ನೀರು ತುಂಬಿ ಒತ್ತಡ ಕೊಟ್ಟು ನೋಡುವ ಹೈಡ್ರೋ ಟೆಸ್ಟ್ ಆಗಿ, ಇದ್ದಿಲಿಗೆ ಡೀಸೆಲ್ ಕಲಸಿ ಬೆಡ್ ಮೇಲೆ ಹರಡಿ ಬೆಂಕಿ ಕೊಟ್ಟಾಗ ಮರುದಿನ ಮಧ್ಯಾಹ್ನ ಆಗಿತ್ತು.

ಈಗ ಶ್ಚಾಸ್ತ್ಯಾಗೆ ಬರುತ್ತೇನೆ. ನನ್ನ ಐಲ್ಯಾಂಡ್ ಉಳಿದದ್ದು ಯಂತ್ರದಿಂದ ಅಲ್ಲ, ಫೋನಿನಿಂದ. ಯಾರು ಯಾವ ಮೋಟರ್ ಯಾವಾಗ ಹಾಕುತ್ತಾರೆ ಅಂತ ನನಗೆ ಗೊತ್ತಿತ್ತು. ನನ್ನನ್ನು ಕೇಳದೆ ಯಾರೂ ಹಾಕುತ್ತಿರಲಿಲ್ಲ. ಅಲ್ಲಿನ ಷಿಫ್ಟಿನವರ ಲೋಡ್ ಅಂದರೆ ಊರು, ಹಳ್ಳಿ, ಆಸ್ಪತ್ರೆ, ನೀರಿನ ಪಂಪು. ಚಳಿ ಬಂದರೆ ಲಕ್ಷ ಜನ ತಾವಾಗಿಯೇ ಹೀಟರ್ ಹಾಕುತ್ತಾರೆ. ಎಲ್ಲೋ ಶೆಲ್ ಬಿದ್ದು ಲೈನ್ ಕಡಿದರೆ ಲೋಡ್ ಒಮ್ಮೆಲೇ ಮಾಯ. ಶೆಲ್ ಹಾರಿಸುವವನು ಮೊದಲು ಫೋನ್ ಮಾಡಿ ಹೇಳುತ್ತಾನಾ? ಅಂಥ ಕಡೆ ಹರ್ಟ್ಸ್ ಹಿಡಿದು ಕೂತ ಡೆಸ್ಕಿನ ಹುಡುಗನ ಮುಖ ನನಗೆ ಕಾಣುತ್ತದೆ. ಟಿವಿಯವರು ತೋರಿಸುವ ಟ್ಯಾಂಕು ಫಿರಂಗಿ ಅಷ್ಟು ಕಾಣುವುದಿಲ್ಲ.

ಕಲ್ಲಿದ್ದಲಿನ ಪೇಚು ಬೇರೆ. ಅವರ ಬಾಯ್ಲರ್ ಕಟ್ಟಿದ್ದು ಆಂಥ್ರಸೈಟ್‌ಗೆ. ಅದು ಗಟ್ಟಿ, ಹೊಳೆಯುವ ಕಲ್ಲಿದ್ದಲು. ಸುಲಭಕ್ಕೆ ಹೊತ್ತುವುದಿಲ್ಲ, ಹೊತ್ತಿದರೆ ಕಾವು ಜೋರು. ಅದರ ಗಣಿಗಳು ಹೆಚ್ಚಿನಂಶ ಎದುರು ಪಕ್ಷದವರ ಕೈಗೆ ಹೋದವು. ಬೇರೆ ಕಲ್ಲಿದ್ದಲು ಹಾಕಿದರಾಯಿತಲ್ಲ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ನಾವೂ ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಜಾತಿಯದು ಹಾಕಿ ನೋಡಿದ್ದೆವು. ಬೆಡ್ ಕರಗಿ ಅಂಟಿಕೊಂಡು ಕಲ್ಲಾಯಿತು. ಮೂರು ದಿನ ಸಬ್ಬಲ್ ಹಿಡಿದು ಒಡೆದೆವು. ಜೋಳ ಬೀಸುವ ಕಲ್ಲಿಗೆ ಕಡಲೆ ಹಾಕಿದರೂ ಹಿಟ್ಟು ಬರುತ್ತದೆ, ಬಾಯ್ಲರ್ ಹಾಗಲ್ಲ. ಉಕ್ರೇನ್‌ನವರು ಆಂಥ್ರಸೈಟ್ ಅನ್ನು ದಕ್ಷಿಣ ಆಫ್ರಿಕಾ, ಅಮೆರಿಕಗಳಿಂದ ತರಿಸಿಕೊಳ್ಳಬೇಕಾಯಿತು. ಬೇರೆ ಕೆಲವು ಸ್ಟೇಷನ್‌ಗಳ ಬಾಯ್ಲರ್‌ಗಳನ್ನೇ ಬದಲಿಸಿ ತಮ್ಮ ಕೈಯಲ್ಲಿ ಉಳಿದ ಗಣಿಗಳ ಕಲ್ಲಿದ್ದಲಿಗೆ ಹೊಂದಿಸಿದರು.

2022ರ ಫೆಬ್ರುವರಿ 22ಕ್ಕೆ ಶೆಲ್ ಬಿದ್ದು ಶ್ಚಾಸ್ತ್ಯಾ ಸ್ಟೇಷನ್ ನಿಂತಿತು. ಎರಡು ದಿನಕ್ಕೆ ದೊಡ್ಡ ಯುದ್ಧ. 24ನೇ ತಾರೀಖು ಯುದ್ಧ ಶುರುವಾಗುವ ಕೆಲವೇ ತಾಸು ಮೊದಲು ಉಕ್ರೇನ್ ಇಡೀ ದೇಶದ ಗ್ರಿಡ್ ಅನ್ನು ರಷ್ಯಾ ಕಡೆಯಿಂದ ಕಳಚಿತ್ತು. ಮೂರು ದಿನದ ಪರೀಕ್ಷೆ ಅಂತ ಮಾಡಿದ್ದು. ಮತ್ತೆ ಆ ಕಡೆ ಸೇರಲೇ ಇಲ್ಲ. ಮಾರ್ಚ್ 16ಕ್ಕೆ ಯುರೋಪಿನ ಗ್ರಿಡ್‌ಗೆ ಸೇರಿತು. ಅಲ್ಲಿಯವರೆಗೆ, ಬಾಂಬು ಬೀಳುವಾಗಲೇ, ಇಡೀ ದೇಶವೇ ಐಲ್ಯಾಂಡ್. ನಾನು ಆಗಲೇ ರಿಟೈರ್ ಆಗಿದ್ದೆ. ನಮ್ಮ ಹುಡುಗರಿಗೆ ಫೋನ್ ಮಾಡಿ ಇದನ್ನು ಓದಿ ಅಂತ ಹೇಳಿದೆ. ಎಷ್ಟು ಜನ ಓದಿದರೋ.

ಸೇರುವುದು ಅಂದೆನಲ್ಲ, ಅದೂ ಒಂದು ಕೈಚಳಕ. ನಮ್ಮಲ್ಲಿ ಮರುದಿನ ಸಂಜೆ ಗ್ರಿಡ್‌ನ ಲೈನ್ ಬಂತು. ಸುಮ್ನೆ ಬ್ರೇಕರ್ ಹಾಕುವ ಹಾಗಿಲ್ಲ. ಎರಡೂ ಕಡೆಯ ವೋಲ್ಟೇಜ್, ಹರ್ಟ್ಸ್, ಅಲೆಯ ಏರಿಳಿತ ಒಂದಾಗಬೇಕು. ತಪ್ಪಾದರೆ ಶಾಫ್ಟ್ ತಿರುಚಿಹೋಗುತ್ತದೆ. ಸಿಂಕ್ರೋಸ್ಕೋಪ್ ಅಂತ ಗಡಿಯಾರದಂಥ ಮೀಟರ್ ಇದೆ. ಮುಳ್ಳು ನಿಧಾನಕ್ಕೆ ಬಲಕ್ಕೆ ತಿರುಗುತ್ತ ಬರಬೇಕು. ಹನ್ನೆರಡು ಮುಟ್ಟಿದಾಗ ಹಾಕಿದರೆ ತಡ, ಬ್ರೇಕರ್ ಸೇರಲೂ ಒಂದು ಕ್ಷಣ ಬೇಕಲ್ವಾ. ತುಸು ಮೊದಲೇ ಹಾಕಬೇಕು. ಕೈ ಬೆವೆತಿತ್ತು. ಪ್ಯಾಂಟಿಗೆ ಒರೆಸಿಕೊಂಡು ಮೂರನೇ ಸುತ್ತಿಗೆ ಹಾಕಿದೆ. ಡಬ್ ಅಂತ ಒಂದು ಸದ್ದು, ಅಷ್ಟೇ.

ಆ ದಿನದ ಲಾಗ್ ಪುಸ್ತಕದ ಪುಟವನ್ನು ನನ್ನ ಡೈರಿಯಲ್ಲಿ ನಕಲು ಮಾಡಿಕೊಂಡಿದ್ದೇನೆ. 17.12ಕ್ಕೆ "ಗ್ರಿಡ್ ಜೊತೆ ಸೇರಿತು" ಅಂತಿದೆ. ಅದರ ಕೆಳಗೆ ನನ್ನದಲ್ಲದ ಅಕ್ಷರದಲ್ಲಿ, ಬಹುಶಃ ಆ ಡೆಸ್ಕಿನ ಹುಡುಗನದು, "17.20 ಚಹಾ ಬಂತು. ರಾ ಮಿಲ್ ಬ್ರೇಕರ್ ನಾಳೆ ಸಾಫ್ ಮಾಡುವುದು."